ಯಕೃತ್ತಿಗೊಂದು ಕಾವಲು



ವೈದ್ಯಕೀಯ ವಿಷಯವನ್ನು ಕುರಿತು ಮಾತನಾಡಲು ಒಬ್ಬ ಕನ್ನಡ ಪಂಡಿತ ಏಕೆ ಬಂದನೆಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಆ ಸಂಶಯ ನ್ಯಾಯವಾದುದೇ. ಆಳಂದದ ಒಂದು ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಸಂಧಿ ಸಮಾಸಗಳನ್ನೂ ಹಳಗನ್ನಡ ಪದ್ಯಗಳ ಅನ್ವಯವನ್ನೂ ಹೇಳಿಕೊಡುವುದು ನನ್ನ ಕಸುಬು. ನಾಡಿ ಹಿಡಿದು ನೋಡಲು ನನಗೆ ಬಾರದು. ಆದರೆ ಕಳೆದ ಕೆಲವು ವರ್ಷಗಳಲ್ಲಿ ಮೊದಲು ರೋಗಿಯ ತಮ್ಮನಾಗಿ, ಆಮೇಲೆ ಸ್ವತಃ ರೋಗಿಯಾಗಿ ನಾನೊಂದು ಪಾಠವನ್ನು ಕಲಿಯಬೇಕಾಯಿತು. ಆ ಪಾಠ ನನ್ನೊಬ್ಬನದೇ ಅಲ್ಲ, ಅನೇಕ ಮನೆಗಳಿಗೆ ಬೇಕಾದದ್ದು ಎಂದು ತೋರಿದ್ದರಿಂದ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ನಾವು ಒಡಹುಟ್ಟಿದವರು ಮೂವರು. ಅಣ್ಣ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಮೇಲಿನ ನಮ್ಮ ಹಿರಿಯರ ಹೊಲವನ್ನು ನೋಡಿಕೊಂಡಿದ್ದ. ತಂಗಿಯನ್ನು ಜೇವರ್ಗಿಗೆ ಕೊಟ್ಟಿದೆ. ನಾನು ನೌಕರಿಯ ನಿಮಿತ್ತ ಆಳಂದ ಸೇರಿದವನು. ಮೂವರಿಗೂ ಕಲಬುರಗಿಯೇ ದೊಡ್ಡ ಊರು. ದೊಡ್ಡ ದವಾಖಾನೆಯೆಂದರೂ ಅಲ್ಲಿಯದೇ.

2017ನೆಯ ಇಸವಿ. ತೊಗರಿಯ ರಾಶಿ ಮುಗಿದ ಮೇಲೆ ಅಣ್ಣನಿಗೆ ಸುಸ್ತು ಹತ್ತಿತು. ಊಟ ಸೇರಲಿಲ್ಲ. ದುಡಿದ ದೇಹ, ವಯಸ್ಸೂ ಆಯಿತು ಎಂದುಕೊಂಡ. ಬೇಸಿಗೆ ಬರುವಷ್ಟರಲ್ಲಿ ಕಾಲು ಬಾತವು, ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾಯಿತು. ‘ಕಾಮಣಿ ಆಗ್ಯಾವ’ ಎಂದು ಊರವರು ಹೇಳಿದರು. ಬೇರು ತೇದು ಕುಡಿಸುವವರ ಬಳಿ ತಿಂಗಳೊಪ್ಪತ್ತು ಕಳೆಯಿತು. ಕಡೆಗೆ ಕಲಬುರಗಿಗೆ ಕರೆದೊಯ್ದಾಗ ಸ್ಕ್ಯಾನು ಮಾಡಿದ ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು: ಯಕೃತ್ತು ಗಟ್ಟಿಯಾಗಿ ಕುಗ್ಗಿದೆ; ಅದರೊಳಗೆ ಅರ್ಬುದವೊಂದು ಬೆಳೆದು ರಕ್ತನಾಳವನ್ನೇ ಹೊಕ್ಕಿದೆ; ಕೊಯ್ದು ತೆಗೆಯುವ ಹೊತ್ತು ಮೀರಿದೆ.

ಅಣ್ಣ ಜೀವಮಾನದಲ್ಲಿ ಹೆಂಡವನ್ನು ಮುಟ್ಟಿದವನಲ್ಲ. ಆದರೂ ಊರಿನ ಕಟ್ಟೆಯ ಮೇಲೆ ‘ಒಳಗಿಂದೊಳಗ ಕುಡೀತಿದ್ದ ಕಾಣ್ತದ’ ಎಂಬ ಮಾತು ಹುಟ್ಟಿತು. ಅದು ಅವನ ಕಿವಿಗೂ ಬಿತ್ತು. ರೋಗಕ್ಕಿಂತ ಹೆಚ್ಚಾಗಿ ಆ ಮಾತೇ ಅವನನ್ನು ಹಣ್ಣು ಮಾಡಿತೆಂದು ಅತ್ತಿಗೆ ಈಗಲೂ ಹೇಳುತ್ತಾರೆ. ಒಂದು ಸಂಜೆ ಅವನು ನನ್ನನ್ನು ಕೇಳಿದ: ‘ತಮ್ಮಾ, ನನಗ ಅಲ್ಲಿ ಎಂದೂ ನೋವೇ ಇದ್ದಿಲ್ಲಲ್ಲೋ. ನೋವಿದ್ದರ ನಾ ತೋರಿಸ್ತಿದ್ದಿಲ್ಲೇನು?’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷದ ದಸರೆಗೆ ಅವನ ಕೈಗೆ ಬನ್ನಿ ಕೊಡುವ ಭಾಗ್ಯ ನನಗೆ ಇಲ್ಲವಾಯಿತು.

ಅಣ್ಣನ ಪ್ರಶ್ನೆಗೆ ಉತ್ತರವನ್ನು ನಾನು ಆಮೇಲೆ ತಿಳಿದೆ. ಅದನ್ನೇ ಇಂದು ಹೇಳಹೊರಟಿದ್ದೇನೆ.

ನಮ್ಮ ಬಲಪಕ್ಕೆಯ ಎಲುಬುಗಳ ಮರೆಯಲ್ಲಿ ಯಕೃತ್ತು ಇದೆ. ಪಠ್ಯಪುಸ್ತಕಗಳಲ್ಲಿ ಇದನ್ನು ಪಿತ್ತಜನಕಾಂಗವೆಂದೂ ಕರೆಯುತ್ತಾರೆ. ‘ಯಕೃತ್’ ಸಂಸ್ಕೃತದ ಬಹು ಪ್ರಾಚೀನ ಶಬ್ದ. ಗ್ರೀಕ್ ಭಾಷೆಯ ‘ಹೇಪರ್’ ಎಂಬುದು ಇದಕ್ಕೆ ಜ್ಞಾತಿ. ಎರಡೂ ಒಂದೇ ಬೇರಿನ ಚಿಗುರುಗಳು. ಆ ‘ಹೇಪರ್’ ಶಬ್ದದಿಂದಲೇ ಯಕೃತ್ತಿನ ಉರಿಯೂತಕ್ಕೆ ‘ಹೆಪಟೈಟಿಸ್’ ಎಂಬ ಹೆಸರು ಬಂದಿದೆ. ಪರಕೀಯವೆಂದು ತೋರುವ ಈ ಹೆಸರು ನಮ್ಮ ಯಕೃತ್ತಿನ ದೂರದ ದಾಯಾದಿಯೇ ಎಂಬುದನ್ನು ಹೇಳದೆ ಇರಲು ಪಂಡಿತನಾದ ನನ್ನಿಂದಾಗಲಿಲ್ಲ, ಕ್ಷಮಿಸಬೇಕು.

ಬೆಳೆದವರ ಯಕೃತ್ತು ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ. ದೇಹದ ಒಳಗಿನ ಅವಯವಗಳಲ್ಲಿ ಇದೇ ಅತಿ ದೊಡ್ಡದು. ಉಂಡ ಅನ್ನದ ಸಾರ ಕರುಳಿನಿಂದ ರಕ್ತದ ಮೂಲಕ ಮೊದಲು ಬಂದು ಸೇರುವುದು ಇಲ್ಲಿಗೆ. ವಿಷವನ್ನು ಕಳೆಯುವುದು, ಪಿತ್ತರಸವನ್ನು ಮಾಡುವುದು, ಸಕ್ಕರೆಯನ್ನು ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಸತ್ವವನ್ನು ತಯಾರಿಸುವುದು ಎಲ್ಲವೂ ಇದರ ಕೆಲಸ. ಇಷ್ಟೆಲ್ಲ ದುಡಿಯುವ ಈ ಅವಯವಕ್ಕೆ ದೂರು ಹೇಳುವ ಅಭ್ಯಾಸವಿಲ್ಲ. ಯಕೃತ್ತಿನ ಒಳಭಾಗಕ್ಕೆ ನೋವಿನ ಅರಿವೇ ಇಲ್ಲ. ಅರಿವಿರುವುದು ಅದರ ಹೊರಗಿನ ತೆಳು ಹೊದಿಕೆಗೆ ಮಾತ್ರ. ಒಳಗೆ ಎಷ್ಟೋ ಕಾಲ ಬೆಳೆದ ಗಡ್ಡೆ ಆ ಹೊದಿಕೆಯನ್ನು ಜಗ್ಗಿದಾಗ, ಇಲ್ಲವೆ ಯಕೃತ್ತಿನ ಬಹುಭಾಗ ಕೆಟ್ಟು ಹೋದಾಗ ಮಾತ್ರ ರೋಗಿಗೆ ತಿಳಿಯುತ್ತದೆ. ಅಣ್ಣನಿಗೆ ನೋವಾಗದೆ ಇದ್ದುದು ಈ ಕಾರಣದಿಂದ. ನೋವಿಲ್ಲವೆಂದರೆ ರೋಗವಿಲ್ಲವೆಂದು ನಾವು ನಂಬಿದ್ದು ನಮ್ಮ ತಪ್ಪು.

ಹಾಗಾದರೆ ಎಲ್ಲರೂ ಹೆದರಬೇಕೆ? ಬೇಡ. ಯಕೃತ್ತಿನ ಏಡಿಗಂತಿ, ಎಂದರೆ ಕ್ಯಾನ್ಸರು, ಸಾಮಾನ್ಯವಾಗಿ ಆರೋಗ್ಯವಾಗಿರುವ ಯಕೃತ್ತಿನಲ್ಲಿ ಏಕಾಏಕಿ ಹುಟ್ಟುವುದಿಲ್ಲ. ಅದಕ್ಕೆ ಮೊದಲು ನೆಲ ಹದಗೊಂಡಿರಬೇಕು. ಬಹುಕಾಲದ ಉರಿಯೂತದಿಂದ ಯಕೃತ್ತಿನಲ್ಲಿ ಗಾಯದ ಕಲೆಗಳು ಮೂಡಿ, ಅದು ಗಂಟುಗಂಟಾಗಿ ಗಟ್ಟಿಯಾಗುವ ಸ್ಥಿತಿಯನ್ನು ಸಿರೋಸಿಸ್ ಎನ್ನುತ್ತಾರೆ. ಕ್ಯಾನ್ಸರಿಗೆ ಅತಿ ಹೆಚ್ಚಿನ ಅಪಾಯವಿರುವುದು ಇಂಥವರಿಗೆ. ಸಿರೋಸಿಸ್‌ಗೆ ಮದ್ಯಪಾನ ಒಂದು ಕಾರಣವೆಂಬುದು ನಿಜ. ಆದರೆ ಅದೊಂದೇ ಕಾರಣವಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಎಂಬ ಎರಡು ವೈರಾಣುಗಳು ರಕ್ತದಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಇದ್ದು ಅದೇ ಕೆಲಸ ಮಾಡುತ್ತವೆ. ಸಕ್ಕರೆ ರೋಗ ಮತ್ತು ಅತಿ ಬೊಜ್ಜಿನಿಂದ ಯಕೃತ್ತಿನಲ್ಲಿ ಕೊಬ್ಬು ತುಂಬಿದರೂ ಕೆಲವರಲ್ಲಿ ಅದು ಸಿರೋಸಿಸ್‌ವರೆಗೆ ಹೋಗುತ್ತದೆ. ಹೆಪಟೈಟಿಸ್ ಬಿ ಇದ್ದವರಿಗಂತೂ ಸಿರೋಸಿಸ್ ಆಗುವ ಮೊದಲೇ ಕ್ಯಾನ್ಸರು ಬರುವುದುಂಟು.

ಇನ್ನೊಂದು ಮಾತನ್ನು ಮನೆಯ ತಾಯಂದಿರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಹಸಿಯಾಗಿಟ್ಟ ಶೇಂಗಾ ಮತ್ತು ಗೋವಿನಜೋಳಕ್ಕೆ ಹಿಡಿಯುವ ಕೆಲವು ಬೂಷ್ಟುಗಳಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದೂ ಯಕೃತ್ತಿನ ಕ್ಯಾನ್ಸರಿಗೆ ಕಾರಣ. ಹೆಪಟೈಟಿಸ್ ಬಿ ಜೊತೆಗೂಡಿದರೆ ಅಪಾಯ ಬಹಳಷ್ಟು ಹೆಚ್ಚುತ್ತದೆ. ಹುರಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಶೇಂಗಾ ಹಿಂಡಿ ಇಲ್ಲದೆ ನಮ್ಮ ಕಡೆ ರೊಟ್ಟಿ ಗಂಟಲಿಗೆ ಇಳಿಯದು. ಹಿಂಡಿಯನ್ನು ಬಿಡಬೇಕಾಗಿಲ್ಲ, ಬೂಷ್ಟು ಹಿಡಿದ, ಸುಕ್ಕಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ಎಸೆದರೆ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ ಹೆಪಟೈಟಿಸ್ ಬಿ ಸೋಂಕು ಬಹುಕಾಲದಿಂದ ಇರುವವರು ಸುಮಾರು 3 ಕೋಟಿ ಜನ. ಹೆಪಟೈಟಿಸ್ ಸಿ ಇರುವವರು ಸುಮಾರು 55 ಲಕ್ಷ. ಇವರಲ್ಲಿ ಬಹಳ ಮಂದಿಗೆ ತಮಗೆ ಅದು ಇದೆಯೆಂಬುದೇ ತಿಳಿಯದು. ಅಣ್ಣನಿಗೂ ತಿಳಿದಿರಲಿಲ್ಲ. ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ಕಂಡ ವೈದ್ಯರು, ‘ಇದು ಹೆಚ್ಚಾಗಿ ಹೆರಿಗೆಯ ಕಾಲದಲ್ಲಿ ತಾಯಿಯಿಂದ ಮಗುವಿಗೆ, ಇಲ್ಲವೆ ಎಳೆತನದಲ್ಲಿ ರಕ್ತದ ಸಂಪರ್ಕದಿಂದ ಬರುವಂಥದು. ಒಡಹುಟ್ಟಿದವರೂ ಅವರ ಹೆಂಡತಿ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು’ ಎಂದರು. ಮಾಡಿಸಿಕೊಂಡೆವು. ಜೇವರ್ಗಿಯ ತಂಗಿಗೆ ಇರಲಿಲ್ಲ. ಆಕೆ ಮೂರು ಸಲ ಲಸಿಕೆ ಹಾಕಿಸಿಕೊಂಡು ನಿಶ್ಚಿಂತಳಾದಳು. ಅತ್ತಿಗೆಗೂ ಅವರ ಮಕ್ಕಳಿಗೂ ಇರಲಿಲ್ಲ. ನನಗಿತ್ತು.

ಆಗ ನನಗೆ ಐವತ್ತು ತುಂಬಿರಲಿಲ್ಲ. ದಿನವೂ ಎರಡು ಮೈಲಿ ನಡೆಯುತ್ತಿದ್ದೆ. ಒಂದು ದಿನವೂ ಪಾಠ ತಪ್ಪಿಸಿದವನಲ್ಲ. ಆದರೆ ಯಕೃತ್ತು ಆಗಲೇ ಗಟ್ಟಿಯಾಗತೊಡಗಿತ್ತು. ವೈದ್ಯರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅದು ವೈರಾಣುವನ್ನು ಹದ್ದಿನಲ್ಲಿಡುತ್ತದೆ, ಕ್ಯಾನ್ಸರಿನ ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ಅಳಿಸುವುದಿಲ್ಲ. ಆದುದರಿಂದ ಗುಳಿಗೆಯ ಜೊತೆಗೆ ಇನ್ನೊಂದು ಕಟ್ಟಳೆಯನ್ನೂ ಹಾಕಿದರು: ‘ಗುರುಗಳೆ, ಆರು ತಿಂಗಳಿಗೊಮ್ಮೆ ಹೊಟ್ಟೆಯ ಸೋನೋಗ್ರಫಿ, ಒಂದು ರಕ್ತಪರೀಕ್ಷೆ. ಆರಾಮ ಇದ್ದರೂ ಬರಬೇಕು. ಆರಾಮ ಇದ್ದಾಗಲೇ ಬರಬೇಕು.’

ಆರು ತಿಂಗಳೇ ಏಕೆ? ಈ ಗಡ್ಡೆ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಕೆಲವು ತಿಂಗಳುಗಳಿಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ಆರು ತಿಂಗಳಿಗೊಮ್ಮೆ ನೋಡುತ್ತಿದ್ದರೆ ಅದು ಚಿಕ್ಕದಾಗಿದ್ದಾಗಲೇ ಸಿಕ್ಕಿಬೀಳುವ ಸಂಭವ ಹೆಚ್ಚು. ಹೀಗೆ ಕಾವಲು ಕಾಯುವುದರಿಂದ ಪ್ರಯೋಜನವಿದೆಯೆ ಎಂದು ಚೀನದ ಶಾಂಘೈ ನಗರದಲ್ಲಿ ಪರೀಕ್ಷಿಸಿ ನೋಡಿ, 2004ರಲ್ಲಿ ಫಲವನ್ನು ಪ್ರಕಟಿಸಿದರು. ಅಪಾಯವಿದ್ದ 18,816 ಜನರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಆರು ತಿಂಗಳಿಗೊಮ್ಮೆ ಸೋನೋಗ್ರಫಿಯನ್ನೂ ರಕ್ತಪರೀಕ್ಷೆಯನ್ನೂ ಏರ್ಪಡಿಸಿದರು. ಕರೆದ ಸಲವೆಲ್ಲ ಜನ ಬರಲಿಲ್ಲ. ನಡೆದ ಪರೀಕ್ಷೆಗಳು ನೂರಕ್ಕೆ ಅರವತ್ತನ್ನೂ ಮುಟ್ಟಲಿಲ್ಲ. ಆದರೂ ಆ ಪಂಗಡದಲ್ಲಿ ಯಕೃತ್ತಿನ ಕ್ಯಾನ್ಸರಿನಿಂದಾದ ಸಾವು ಇನ್ನೊಂದು ಪಂಗಡಕ್ಕಿಂತ ನೂರಕ್ಕೆ 37ರಷ್ಟು ಕಡಿಮೆಯಾಯಿತು.

ಸೋನೋಗ್ರಫಿ ಎಂದರೆ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಧ್ವನಿಯನ್ನು ಹೊಟ್ಟೆಯೊಳಗೆ ಕಳಿಸಿ, ಅದರ ಪ್ರತಿಧ್ವನಿಯಿಂದ ಚಿತ್ರವನ್ನು ಕಟ್ಟುವ ವಿಧಾನ. ಅಗ್ಗದ್ದು, ಕ್ಷಣಮಾತ್ರದ್ದು, ಯಾವ ಅಪಾಯವೂ ಇಲ್ಲದ್ದು. ಆದರೆ ಅದಕ್ಕೂ ಮಿತಿಯುಂಟು. ಸಿರೋಸಿಸ್ ಆದ ಯಕೃತ್ತು ಉಳುಮೆ ಮಾಡಿದ ಎರೆಹೊಲದಂತೆ ಹೆಂಟೆಹೆಂಟೆಯಾಗಿರುತ್ತದೆ. ಅಷ್ಟು ಹೆಂಟೆಗಳ ನಡುವೆ ಕೇಡಿನ ಹೆಂಟೆ ಯಾವುದೆಂದು ಹೇಳುವುದು ಸುಲಭವಲ್ಲ. ಹೊಟ್ಟೆಯಲ್ಲಿ ಕೊಬ್ಬು ಹೆಚ್ಚಿದ್ದರೆ ಚಿತ್ರ ಮಸುಕಾಗುತ್ತದೆ. ಯಕೃತ್ತಿನ ನೆತ್ತಿಯ ಭಾಗ ಪಕ್ಕೆಲುಬು ಮತ್ತು ಶ್ವಾಸಕೋಶದ ಮರೆಯಲ್ಲಿರುವುದರಿಂದ ಅಲ್ಲಿಗೆ ಧ್ವನಿ ಸರಿಯಾಗಿ ತಲುಪುವುದೇ ಇಲ್ಲ. ಅನೇಕ ಸಂಶೋಧನೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಲೆಕ್ಕ ಹಾಕಿದಾಗ, ಮೊದಲ ಹಂತದ ನೂರು ಕ್ಯಾನ್ಸರುಗಳಲ್ಲಿ ಸೋನೋಗ್ರಫಿಯೊಂದಕ್ಕೇ ಕಂಡವು 45. ಆಲ್ಫಾ ಫೀಟೋ ಪ್ರೋಟೀನ್ ಎಂಬ ರಕ್ತಪರೀಕ್ಷೆಯನ್ನು ಜೊತೆಗೆ ಮಾಡಿದಾಗ 63.

ಇನ್ನು ನನ್ನ ಕಥೆಗೆ ಬರುತ್ತೇನೆ. ಮೊದಲ ಮೂರು ವರ್ಷ ನಾನು ಆಜ್ಞಾಧಾರಕ ವಿದ್ಯಾರ್ಥಿಯಾಗಿದ್ದೆ. 2020ರಲ್ಲಿ ಕೊರೋನಾ ಬಂತು, ಬಸ್ಸು ನಿಂತವು, ಸ್ಕ್ಯಾನು ತಪ್ಪಿತು. 2021ರಲ್ಲಿ ಬಸ್ಸು ಓಡತೊಡಗಿದರೂ ನಾನು ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಮಗಳ ಮದುವೆಯ ಮಾತುಕತೆ ಎಂದು ನೆಪ ಹೇಳಿದೆ. ನಿಜವಾದ ಕಾರಣ ಬೇರೆ. ‘ಎಲ್ಲ ಸರಿಯಿದೆ’ ಎಂಬ ಮಾತನ್ನು ಕೇಳಲು ಹೋಗುವವನ ಮನಸ್ಸಿನಲ್ಲಿ, ಈ ಸಲ ಹಾಗೆ ಹೇಳದಿದ್ದರೆ ಎಂಬ ಹೆದರಿಕೆ ಇದ್ದೇ ಇರುತ್ತದೆ. ಮಕ್ಕಳು ಅಂಕಪಟ್ಟಿಯನ್ನು ಮನೆಯಲ್ಲಿ ಬಚ್ಚಿಡುವುದಿಲ್ಲವೆ? ಹಾಗೆಯೇ ಇದು. ಕಡೆಗೆ 2022ರ ಯುಗಾದಿಯ ಸುಮಾರಿಗೆ ಜೇವರ್ಗಿಯಿಂದ ಬಂದ ತಂಗಿ, ‘ಅಣ್ಣನ್ನ ಕಳಕೊಂಡೀವಿ. ನೀನೂ ಹಂಗ ಮಾಡಬ್ಯಾಡ’ ಎಂದು ಕಣ್ಣೀರು ಹಾಕಿದಳು. ಮರುದಿನವೇ ಅವಳೊಂದಿಗೆ ಕಲಬುರಗಿಯ ಬಸ್ಸು ಹತ್ತಿದೆ.

ಸೋನೋಗ್ರಫಿಯಲ್ಲಿ ಒಂದು ಗಂಟು ಕಂಡಿತು. ಒಂದು ಸೆಂಟಿಮೀಟರಿಗೆ ತುಸು ಮೇಲು, ಎಂದರೆ ಒಂದು ಕಡಲೆಕಾಳಿನಷ್ಟು. ಒಂದು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಮೂರು ತಿಂಗಳ ಮೇಲೆ ಮತ್ತೆ ನೋಡುವುದು ವಾಡಿಕೆಯಂತೆ. ಅದನ್ನು ಮುಟ್ಟಿದರೆ ಅಥವಾ ಮೀರಿದರೆ ಹೆಚ್ಚು ಸ್ಪಷ್ಟವಾದ ಚಿತ್ರ ಬೇಕು. ‘ಎಂ.ಆರ್.ಐ. ಮಾಡಿಸೋಣ’ ಎಂದರು ವೈದ್ಯರು.

ಕನ್ನಡದಲ್ಲಿ ಇದನ್ನು ಕಾಂತೀಯ ಅನುರಣನ ಚಿತ್ರಣವೆಂದು ಕರೆಯಬಹುದು. ರೇಡಿಯೋ ಕೇಳುವ ತಮಗೆ ಇದರ ತತ್ತ್ವವನ್ನು ತಿಳಿಸುವುದು ಕಷ್ಟವಲ್ಲ. ಏಕೆಂದರೆ ಇದೂ ಒಂದು ಬಗೆಯ ರೇಡಿಯೋವೇ. ನಮ್ಮ ದೇಹದ ಬಹುಭಾಗ ನೀರು. ನೀರಿನ ಪ್ರತಿಯೊಂದು ಕಣದಲ್ಲಿಯೂ ಜಲಜನಕದ ಪರಮಾಣುಗಳಿವೆ. ಅವುಗಳ ಬೀಜಗಳು ಪುಟ್ಟ ಪುಟ್ಟ ಅಯಸ್ಕಾಂತಗಳಂತೆ ವರ್ತಿಸುತ್ತವೆ. ಬಲವಾದ ಕಾಂತಕ್ಷೇತ್ರದಲ್ಲಿ ಮನುಷ್ಯನನ್ನು ಮಲಗಿಸಿದರೆ ಅವು ಒಂದು ಶಿಸ್ತಿಗೆ ಬರುತ್ತವೆ. ಆಗ ತಕ್ಕ ರೇಡಿಯೋ ಅಲೆಯನ್ನು ಹರಿಸಿದರೆ ಕದಲಿ, ಅಲೆ ನಿಂತ ಮೇಲೆ ಮೊದಲಿನ ಸ್ಥಿತಿಗೆ ಮರಳುವಾಗ ತಾವೇ ಸಣ್ಣ ರೇಡಿಯೋ ಸಂಕೇತವನ್ನು ಹೊರಡಿಸುತ್ತವೆ. ಆ ಸಂಕೇತವನ್ನು ಹಿಡಿದು ಗಣಕಯಂತ್ರವು ಚಿತ್ರವನ್ನು ಕಟ್ಟುತ್ತದೆ. ದವಾಖಾನೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು. ಅದರ ರೇಡಿಯೋ ಅಲೆ ಸುಮಾರು 64 ಮೆಗಾಹರ್ಟ್ಸ್. ತಮ್ಮ ಮನೆಯ ಎಫ್.ಎಂ. ಪೆಟ್ಟಿಗೆ 88ರಿಂದ 108ರವರೆಗೆ ಹಿಡಿಯುತ್ತದೆ. ಅಂದರೆ ಎರಡೂ ನೆರೆಹೊರೆಯವೇ. ಕ್ಷ-ಕಿರಣದ ಬಳಕೆ ಇದರಲ್ಲಿಲ್ಲ. ಇಂಥ ಚಿತ್ರಣಕ್ಕೆ ದಾರಿ ಮಾಡಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕೋಣೆಯೊಳಗೆ ಹೋಗುವ ಮೊದಲು ಉಂಗುರ, ಗಡಿಯಾರ, ಉಡದಾರದ ಬೆಳ್ಳಿ ಎಲ್ಲವನ್ನೂ ಬಿಚ್ಚಿಸಿದರು. ಹೃದಯಕ್ಕೆ ಯಂತ್ರ ಕೂಡಿಸಿದೆಯೆ, ದೇಹದಲ್ಲಿ ಲೋಹದ ಚೂರೇನಾದರೂ ಇದೆಯೆ, ಮೂತ್ರಪಿಂಡದ ತೊಂದರೆ ಇದೆಯೆ ಎಂದು ಕೇಳಿ ಬರೆದುಕೊಂಡರು. ಇದ್ದರೆ ಮುಚ್ಚಿಡಬಾರದು. ಕೊಳವೆಯಂಥ ಯಂತ್ರದೊಳಗೆ ಮಲಗಿಸಿದ ಮೇಲೆ ಕೇಳುವ ಶಬ್ದವನ್ನು ಏನೆಂದು ವರ್ಣಿಸಲಿ! ತಗಡಿನ ಮಾಳಿಗೆಯ ಮೇಲೆ ಆಣೆಕಲ್ಲಿನ ಮಳೆ ಸುರಿದಂತೆ. ನಡುನಡುವೆ ‘ಉಸಿರು ಹಿಡೀರಿ, ಬಿಡ್ರಿ’ ಎಂಬ ಆದೇಶ. ಅರ್ಧ ಗಂಟೆಯ ಮೇಲೆ ಹಿಡಿಯಿತು. ನೋವಿಲ್ಲ, ಧೈರ್ಯವಾಗಿ ಅಲುಗದೆ ಇದ್ದರೆ ಸರಿ.

ನಡುವೆ ಕೈಯ ನಾಳದಲ್ಲಿ ಗ್ಯಾಡೋಲಿನಿಯಂ ಎಂಬ ಧಾತು ಬೆರೆತ ಮದ್ದನ್ನು ಕೊಟ್ಟರು. ಈ ಮದ್ದೇ ಕಳ್ಳನನ್ನು ಹಿಡಿದುಕೊಡುವ ದೀಪ. ಹೇಗೆಂದರೆ, ಯಕೃತ್ತಿಗೆ ರಕ್ತ ಬರುವ ದಾರಿಗಳು ಎರಡು. ಒಂದು ಹೃದಯದ ಕಡೆಯಿಂದ ಬರುವ ಧಮನಿ. ಇನ್ನೊಂದು ಕರುಳಿನ ಕಡೆಯಿಂದ ಬರುವ ದೊಡ್ಡ ಸಿರೆ. ಯಕೃತ್ತಿನ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಈ ಸಿರೆಯಿಂದ. ಆದರೆ ಕ್ಯಾನ್ಸರಿನ ಗಡ್ಡೆ ತನ್ನ ಆಹಾರವನ್ನು ಹೆಚ್ಚಾಗಿ ಧಮನಿಯಿಂದ ಎಳೆದುಕೊಳ್ಳುತ್ತದೆ. ಇಡೀ ಹೊಲಕ್ಕೆ ಕಾಲುವೆಯ ನೀರು ಹರಿಯುತ್ತಿರುವಾಗ ಒಂದು ಮಡಿ ಮಾತ್ರ ಬೋರಿನ ನೀರು ಕುಡಿದಂತೆ. ಮದ್ದು ಮೊದಲು ಧಮನಿಯಲ್ಲಿ ಬರುವುದರಿಂದ, ಆ ಕ್ಷಣದಲ್ಲಿ ಗಡ್ಡೆ ಉಳಿದ ಯಕೃತ್ತಿಗಿಂತ ಬೆಳ್ಳಗೆ ಬೆಳಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸಿರೆಯ ದಾರಿಯಿಂದ ಇಡೀ ಯಕೃತ್ತು ಬೆಳಗುವಾಗ ಗಡ್ಡೆಯೊಳಗಿನ ಮದ್ದು ತೊಳೆದು ಹೋಗಿ ಅದು ಕಪ್ಪಾಗಿ ಕಾಣುತ್ತದೆ. ಕೆಲವು ವಿಶೇಷ ಮದ್ದುಗಳನ್ನು ಯಕೃತ್ತಿನ ಆರೋಗ್ಯವಂತ ಕಣಗಳು ಒಳಗೆ ಸೇರಿಸಿಕೊಳ್ಳುತ್ತವೆ; ಕ್ಯಾನ್ಸರಿನ ಕಣಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಇಪ್ಪತ್ತು ನಿಮಿಷದ ಮೇಲೆ ತೆಗೆದ ಚಿತ್ರದಲ್ಲಿ ಬೆಳಗುವ ಯಕೃತ್ತಿನ ನಡುವೆ ಗಡ್ಡೆ ಕರಿಯ ಚುಕ್ಕೆಯಾಗಿ ಉಳಿಯುತ್ತದೆ. ಅಪಾಯವುಳ್ಳ ರೋಗಿಯಲ್ಲಿ ಈ ಲಕ್ಷಣಗಳು ನಿಚ್ಚಳವಾಗಿ ಕಂಡರೆ ಸೂಜಿ ಚುಚ್ಚಿ ತುಣುಕು ತೆಗೆಯದೆಯೆ ರೋಗವನ್ನು ನಿರ್ಣಯಿಸಬಹುದು. ಬೇರೆ ಕ್ಯಾನ್ಸರುಗಳಲ್ಲಿ ಈ ಸೌಲಭ್ಯ ಅಪರೂಪ.

ನನ್ನ ಚಿತ್ರಗಳನ್ನು ನೋಡಿ ವೈದ್ಯರು ಹೇಳಿದ ಮಾತು ನನ್ನನ್ನು ಎರಡು ಸಲ ಬೆರಗುಗೊಳಿಸಿತು. ಸೋನೋಗ್ರಫಿ ಸಂಶಯಪಟ್ಟ ಗಂಟು ನಿರಪಾಯಕಾರಿ. ಸಿರೋಸಿಸ್‌ನ ಅನೇಕ ಹೆಂಟೆಗಳಲ್ಲಿ ಅದೊಂದು. ಆದರೆ ಯಕೃತ್ತಿನ ನೆತ್ತಿಯಲ್ಲಿ, ಸೋನೋಗ್ರಫಿಯ ಕಣ್ಣು ತಲುಪದ ಕಡೆ, ಇನ್ನೊಂದು ಇತ್ತು. ಒಂದೂವರೆ ಸೆಂಟಿಮೀಟರು. ಅದು ಕ್ಯಾನ್ಸರು.

ಅಂದು ತಂಗಿ ನನ್ನ ಕೈ ಹಿಡಿದುಕೊಂಡಿದ್ದಳು. ಅಣ್ಣನಿಗೆ ಹೇಳಿದ ಶಬ್ದವನ್ನೇ ನನಗೂ ಹೇಳಿದ್ದರು. ಆದರೆ ಶಬ್ದ ಒಂದೇ ಆದರೂ ಅರ್ಥ ಒಂದೇ ಆಗಿರಲಿಲ್ಲ. ‘ಚಿಕ್ಕದು, ಒಂಟಿಯಾಗಿದೆ, ನಾಳ ಮುಟ್ಟಿಲ್ಲ’ ಎಂದರು ವೈದ್ಯರು. ಎರಡು ಸೆಂಟಿಮೀಟರಿನೊಳಗಿನ ಗಡ್ಡೆಯನ್ನು ಚರ್ಮದ ಮೂಲಕ ಸೂಜಿ ಇಳಿಸಿ, ಶಾಖದಿಂದ ಅದಿದ್ದಲ್ಲಿಯೇ ಸುಡಬಹುದು. ಯಕೃತ್ತಿಗೆ ಶಕ್ತಿಯಿದ್ದರೆ ಕೊಯ್ದು ತೆಗೆಯಬಹುದು. ಒಂದೇ ಗಡ್ಡೆ ಐದು ಸೆಂಟಿಮೀಟರನ್ನು ಮೀರದಿದ್ದರೆ, ಅಥವಾ ಮೂರರವರೆಗೆ ಇದ್ದು ಯಾವುದೂ ಮೂರು ಸೆಂಟಿಮೀಟರನ್ನು ಮೀರದಿದ್ದರೆ, ಬೇರೊಂದು ಯಕೃತ್ತನ್ನು ಕಸಿ ಮಾಡುವ ದಾರಿಯೂ ತೆರೆದಿರುತ್ತದೆ. ಇಟಲಿಯ ಮಿಲಾನ್ ನಗರದ ವೈದ್ಯರು 1996ರಲ್ಲಿ ಪ್ರಕಟಿಸಿದ ಈ ಅಳತೆಯನ್ನು ಇಂದಿಗೂ ಬಳಸುತ್ತಾರೆ. ಅಣ್ಣನಿಗೆ ಈ ದಾರಿಗಳೆಲ್ಲ ಮುಚ್ಚಿದ್ದವು. ನನಗೆ ಮೊದಲನೆಯದೇ ಸಾಕಾಯಿತು. ಬೆಂಗಳೂರಿಗೆ ಹೋಗಿ ಸುಡಿಸಿಕೊಂಡು ಬಂದು, ಶಾಲೆ ಪ್ರಾರಂಭವಾಗುವ ಹೊತ್ತಿಗೆ ತರಗತಿಯಲ್ಲಿದ್ದೆ.

ಗುಣವಾಯಿತೆ ಎಂದು ಕೇಳಿದರೆ, ಆ ಗಡ್ಡೆ ಹೋಯಿತು ಎಂದಷ್ಟೇ ಹೇಳಬಲ್ಲೆ. ನೆಲ ಇನ್ನೂ ಅದೇ ನೆಲ, ಮತ್ತೆ ಮೊಳೆಯಬಹುದು. ಆದ್ದರಿಂದ ಈಗ ನನಗೆ ತಪ್ಪದೆ ಎಂ.ಆರ್.ಐ. ನೋಡುತ್ತಿರುತ್ತಾರೆ. ನಾನೂ ತಪ್ಪಿಸುವುದಿಲ್ಲ.

ನನ್ನೊಬ್ಬನ ಅನುಭವದಿಂದ ಸಿದ್ಧಾಂತ ಮಾಡಬಾರದು. ಆದುದರಿಂದ ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದನ್ನು ಹೇಳುತ್ತೇನೆ. ಸಿರೋಸಿಸ್ ಇದ್ದು ಹೆಚ್ಚಿನ ಅಪಾಯದಲ್ಲಿದ್ದ 407 ಜನರಿಗೆ ಆರು ತಿಂಗಳಿಗೊಮ್ಮೆ, ಮೂರು ಸಲದವರೆಗೆ, ಸೋನೋಗ್ರಫಿ ಮತ್ತು ಎಂ.ಆರ್.ಐ. ಎರಡನ್ನೂ ಮಾಡಿದರು. 43 ಜನರಿಗೆ ಕ್ಯಾನ್ಸರು ಬಂದಿತು. ಸೋನೋಗ್ರಫಿ ಅದರಲ್ಲಿ 12 ಜನರದನ್ನು ಕಂಡಿತು, ಎಂ.ಆರ್.ಐ. 37 ಜನರದನ್ನು ಕಂಡಿತು. ಎಂ.ಆರ್.ಐ.ಗೆ ಮಾತ್ರ ಕಂಡವರು 26 ಜನ. ಎರಡಕ್ಕೂ ಕಾಣದೆ ಉಳಿದವರು 5 ಜನ. ಇಲ್ಲದ ರೋಗವನ್ನು ಇದೆಯೆಂದು ಸಂಶಯಿಸುವ ತಪ್ಪು ಕೂಡ ಎಂ.ಆರ್.ಐ.ಯಲ್ಲಿಯೇ ಕಡಿಮೆ ಇತ್ತು.

ಹೀಗಿದ್ದ ಮೇಲೆ ಅಪಾಯವುಳ್ಳವರಿಗೆಲ್ಲ ನೇರವಾಗಿ ಎಂ.ಆರ್.ಐ. ಮಾಡಬಾರದೇಕೆ? ಈ ಪ್ರಶ್ನೆಯನ್ನು ನಾನೂ ವೈದ್ಯರಿಗೆ ಕೇಳಿದೆ. ಅವರ ಉತ್ತರ ವಿವೇಕದ್ದಾಗಿತ್ತು. ಒಂದು ಸಲಕ್ಕೆ ಹಲವು ಸಾವಿರ ರೂಪಾಯಿ ಖರ್ಚು. ಒಂದು ಯಂತ್ರ ದಿನಕ್ಕೆ ನೋಡಬಲ್ಲ ರೋಗಿಗಳು ಕೆಲವರೇ. ತಾಲ್ಲೂಕಿನವರು ಜಿಲ್ಲೆಯ ಊರಿಗೆ ಬರಬೇಕು. ಎಲ್ಲರಿಗೂ ಅದನ್ನೇ ಹೇಳಿದರೆ ಇಂದು ಸೋನೋಗ್ರಫಿಗೆ ಬರುವವರೂ ಬಾರದೆ ಹೋದಾರು. ಸಿಯೋಲಿನ ಸಂಶೋಧನೆ ಎಷ್ಟು ಕ್ಯಾನ್ಸರು ಕಂಡವೆಂದು ಎಣಿಸಿತೇ ಹೊರತು ಎಷ್ಟು ಪ್ರಾಣ ಉಳಿದವೆಂದಲ್ಲ. ಆದುದರಿಂದ ಈಗಲೂ ಎಲ್ಲರಿಗೂ ಸಲ್ಲುವ ಕ್ರಮವೆಂದರೆ ಆರು ತಿಂಗಳಿಗೊಮ್ಮೆ ಸೋನೋಗ್ರಫಿ ಮತ್ತು ರಕ್ತಪರೀಕ್ಷೆ. ಸೋನೋಗ್ರಫಿಯಲ್ಲಿ ಸಂಶಯ ಬಂದವರಿಗೆ, ರಕ್ತಪರೀಕ್ಷೆಯ ಅಂಕೆ ಏರುತ್ತಿರುವವರಿಗೆ, ಚಿತ್ರ ಮಸುಕಾಗುವ ದೇಹದವರಿಗೆ ಎಂ.ಆರ್.ಐ. ಅಥವಾ ಸಿ.ಟಿ. ಸ್ಕ್ಯಾನು. ಮುಖ್ಯವಾದ ಚಿತ್ರಗಳನ್ನಷ್ಟೇ ತೆಗೆದು ಬೇಗ ಮುಗಿಸುವ ಸಂಕ್ಷಿಪ್ತ ಎಂ.ಆರ್.ಐ.ಯನ್ನು ಹಲವು ದೇಶಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ನಾವು ರೋಗಿಗಳು ಕೇಳಬೇಕಾದ ಪ್ರಶ್ನೆ ಒಂದೇ: ‘ಡಾಕ್ಟರೆ, ನನ್ನ ಯಕೃತ್ತು ಪೂರ್ತಿ ಕಂಡಿತೆ?’ ಕಾಣಲಿಲ್ಲವೆಂದರೆ ಮುಂದಿನ ಮಾತು ತಾನೇ ಬರುತ್ತದೆ.

ನಮ್ಮ ಕೈಲಾದುದು ಏನು? ಮೊದಲನೆಯದು, ಒಮ್ಮೆಯಾದರೂ ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆ. 2018ರ ಜುಲೈ 28ರಂದು ಪ್ರಾರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಪರೀಕ್ಷೆಯೂ ಔಷಧವೂ ಉಚಿತ. ಹೆಪಟೈಟಿಸ್ ಸಿ ಇದ್ದವರಲ್ಲಿ ಹೆಚ್ಚಿನವರು ಸುಮಾರು ಮೂರು ತಿಂಗಳು ಗುಳಿಗೆ ನುಂಗಿದರೆ ಪೂರ್ತಿ ಗುಣವಾಗುತ್ತಾರೆ. ಆದರೆ ಆಗಲೇ ಸಿರೋಸಿಸ್ ಆಗಿದ್ದರೆ ಆಮೇಲೆಯೂ ಕಾವಲು ತಪ್ಪಿಸಬಾರದು. ಎರಡನೆಯದು, ಹುಟ್ಟಿದ ಕೂಸಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ. ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ. ತೈವಾನ್ ದೇಶದಲ್ಲಿ 1984ರಿಂದ ಈ ಲಸಿಕೆ ಹಾಕತೊಡಗಿದ ಮೇಲೆ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರು ಇಳಿಯಿತು. ಕ್ಯಾನ್ಸರನ್ನು ತಡೆದ ಮೊದಲ ಲಸಿಕೆ ಇದೇ.

ಮೂರನೆಯದು ನಾಲಗೆಯ ಸಂಯಮ. ಯಕೃತ್ತಿನ ರೋಗವೆಂದೊಡನೆ ಕುಡುಕನೆಂದು ಅನ್ನಬೇಡಿ. ಕುಡಿದು ರೋಗ ಬಂದವನಿಗೂ ಚಿಕಿತ್ಸೆ ಬೇಕು, ನಿಂದೆಯಲ್ಲ. ಹೆಪಟೈಟಿಸ್ ಬಿ ಇದ್ದವನ ತಟ್ಟೆ ಲೋಟ ಬೇರೆ ಇಡಬೇಡಿ. ಜೊತೆಗೆ ಉಣ್ಣುವುದರಿಂದ, ಕೈ ಮುಟ್ಟುವುದರಿಂದ ಅದು ಹರಡುವುದಿಲ್ಲ. ಹರಡುವುದು ರಕ್ತದಿಂದ, ದೇಹಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಸೂಜಿ ಇವು ಮಾತ್ರ ಬೇರೆ ಇರಲಿ. ಜನ ಏನೆನ್ನುವರೋ ಎಂಬ ಅಂಜಿಕೆಯಿಂದ ಪರೀಕ್ಷೆಗೆ ಹೋಗದವರು ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಮಂದಿ ಇದ್ದಾರೆ.

ಕಡೆಯದಾಗಿ ದಿನದ ಲೆಕ್ಕ. ಆರು ತಿಂಗಳು ಎಂದರೆ ಮರೆತುಹೋಗುತ್ತದೆ. ನಮ್ಮ ಪಂಚಾಂಗದಲ್ಲಿ ಚೈತ್ರದಿಂದ ಆಶ್ವಯುಜಕ್ಕೆ ಸರಿಯಾಗಿ ಆರು ತಿಂಗಳು. ಯುಗಾದಿಯ ಬೇವು ತಿಂದ ವಾರದಲ್ಲಿ ಒಮ್ಮೆ, ದಸರೆಯ ಬನ್ನಿ ಹಂಚಿದ ವಾರದಲ್ಲಿ ಒಮ್ಮೆ ಎಂದು ನಾನು ಗೊತ್ತು ಮಾಡಿಕೊಂಡಿದ್ದೇನೆ. ತಂಗಿ ಜೇವರ್ಗಿಯಿಂದ ಬರುತ್ತಾಳೆ. ಇಬ್ಬರೂ ಕೂಡಿ ಕಲಬುರಗಿಗೆ ಹೋಗುತ್ತೇವೆ. ಬರುವ ದಾರಿಯಲ್ಲಿ ಅಣ್ಣನ ಮಾತು ಬಾರದ ದಿನವಿಲ್ಲ. ತಮ್ಮ ಮನೆಯಲ್ಲಿ ಸಿರೋಸಿಸ್ ಇದ್ದವರು, ಹೆಪಟೈಟಿಸ್ ಇದ್ದವರು, ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡವರ ಒಡಹುಟ್ಟಿದವರು ಯಾರಾದರೂ ಇದ್ದರೆ, ಅವರು ಈಗ ಆರಾಮವಾಗಿಯೇ ಇರಬಹುದು. ಅವರನ್ನು ಈ ಹಬ್ಬದ ವಾರದಲ್ಲಿ ಕರೆದುಕೊಂಡು ಹೋಗಿರಿ ಎಂದು ಕೈಮುಗಿದು ಬೇಡುತ್ತೇನೆ.